ಕಣ್ಣು ಕಾಣುತ್ತೆ, ಅಕ್ಷರ ಕಾಣಲ್ಲ: ಯಲಬುರ್ಗಾದಲ್ಲಿ ಈ ಲೆಕ್ಕ ಯಾರ ಬಳಿ ಇದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಕನ್ನಡದ ಎಲ್ಲ ಟಿವಿಗಳಲ್ಲೂ ಒಂದೇ ಪಟ್ಟಿ ಓಡುತ್ತೆ. ಮೇಲೆ ಕರಾವಳಿ, ಕೆಳಗೆ ಕಲ್ಯಾಣ ಕರ್ನಾಟಕ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಆಮೇಲೆ ಶುರುವಾಗಿದ್ದು ನಮಗೆಲ್ಲ ಬಾಯಿಪಾಠವಾಗಿರೋ ಚರ್ಚೆ. ಆ ಕಡೆಯ ಮಕ್ಕಳಿಗೆ ಓದೋಕೇ ಬರಲ್ಲ, ಮೇಷ್ಟ್ರು ಕಲಿಸಲ್ಲ, ಅಪ್ಪ-ಅಮ್ಮ ಗುಳೆ ಹೋಗ್ತಾರೆ.

'ಓದೋಕೆ ಬರಲ್ಲ' ಅನ್ನುವ ಈ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಒಂದು, ಯಾರೂ ಕಲಿಸಲೇ ಇಲ್ಲ. ಎರಡು, ಕಲಿಸಿದರೂ ಅಕ್ಷರಕ್ಕೂ ಸದ್ದಿಗೂ ಗಂಟು ಹಾಕುವುದು ಆ ಮಗುವಿನ ಮೆದುಳಿಗೆ ಕಷ್ಟವಾಗುತ್ತಿದೆ. ಮೂರು, ನಲವತ್ತು ವರ್ಷ ಸಲೀಸಾಗಿ ಓದಿದ ಮನುಷ್ಯ ಒಂದು ಬೆಳಿಗ್ಗೆ ಎದ್ದು ಪೇಪರ್ ಬಿಚ್ಚಿದರೆ ಓದು ಹೋಗಿಬಿಟ್ಟಿದೆ. ಮೊದಲನೆಯದು ಆಡಳಿತದ ಸೋಲು. ಎರಡನೆಯದು ಹುಟ್ಟಿನಿಂದ ಬಂದ ವ್ಯತ್ಯಾಸ, ಅದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಮೂರನೆಯದು ಕಾಯಿಲೆ. ಬಹಳ ಸಲ ಪಾರ್ಶ್ವವಾಯುವಿನಿಂದ ಬರುವ ಅದಕ್ಕೆ ಅಲೆಕ್ಸಿಯಾ ಅಂತ ಹೆಸರು.

ಮೂರಕ್ಕೂ ಪರಿಹಾರ ಬೇರೆ, ಹೊಣೆಗಾರರು ಬೇರೆ. ಆದರೆ ಯಲಬುರ್ಗಾದಂಥ ತಾಲೂಕಿನಲ್ಲಿ ಮೂರನ್ನೂ ಒಂದೇ ಚೀಲಕ್ಕೆ ತುಂಬಿ 'ಹಿಂದುಳಿದವರು' ಅಂತ ಲೇಬಲ್ ಅಂಟಿಸಲಾಗುತ್ತೆ. ಬಿಡಿಸಿ ನೋಡುವ ವ್ಯವಸ್ಥೆಯೇ ಇಲ್ಲದಿದ್ದರೆ ಹೊಣೆ ಕೇಳುವುದು ಯಾರನ್ನ? ನನ್ನ ಪ್ರಕಾರ ಇದು ವೈದ್ಯಕೀಯದಷ್ಟೇ ರಾಜಕೀಯದ ಪ್ರಶ್ನೆ.

ಕ್ಯಾಮೆರಾ ಸರಿ, ಮುಂದಿನ ಕೆಲಸ ಬಂದ್

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನಗೆ ಇದು ಅರ್ಥವಾಗಿದ್ದು ಹೀಗೆ. ಕಣ್ಣು ಕ್ಯಾಮೆರಾ. ಅದು ಬೆಳಕನ್ನ ಹಿಡಿದು ತಲೆಯ ಹಿಂಭಾಗಕ್ಕೆ ಕಳಿಸುತ್ತೆ. ಅಲ್ಲಿ ಗೆರೆ, ಅಂಚು, ಬಣ್ಣ, ಆಕಾರ ಜೋಡಣೆಯಾಗುತ್ತೆ. ಆಮೇಲೆ 'ಇದು ಏನು' ಅನ್ನುವ ಗುರುತು, ಆಮೇಲೆ 'ಇದರ ಹೆಸರೇನು' ಅನ್ನುವ ಪದ. ಈ ಸಾಲಿನಲ್ಲಿ ಎಲ್ಲಿ ತಂತಿ ಕಡಿದರೂ ಕಣ್ಣಿನ ಡಾಕ್ಟರ್ ಬೋರ್ಡು ತೋರಿಸಿ 'ದೃಷ್ಟಿ 6/6, ಏನೂ ತೊಂದರೆ ಇಲ್ಲ' ಅನ್ನಬಹುದು. ಅವರು ಪರೀಕ್ಷೆ ಮಾಡಿದ್ದು ಕ್ಯಾಮೆರಾವನ್ನ.

ಎಲ್ಲಿ ಕಡಿದಿದೆ ಅನ್ನುವುದರ ಮೇಲೆ ತೊಂದರೆಯ ಹೆಸರು ಬದಲಾಗುತ್ತೆ. ಆಕಾರವನ್ನೇ ಜೋಡಿಸೋಕಾಗದೆ ಹೋಗಬಹುದು. ಅಥವಾ ಆಕಾರ ಚೆನ್ನಾಗಿ ಕಂಡರೂ ಅದು ಏನು ಅಂತ ಹೊಳೆಯದೆ ಹೋಗಬಹುದು. ಈ ಎರಡು ಬಗೆಯನ್ನ 1890ರಲ್ಲೇ ಜರ್ಮನಿಯ ಹೈನ್‌ರಿಚ್ ಲಿಸಾವರ್ ಬೇರ್ಪಡಿಸಿ ತೋರಿಸಿದ್ದ. ಮರುವರ್ಷ ಸಿಗ್ಮಂಡ್ ಫ್ರಾಯ್ಡ್ ಇಂಥ ತೊಂದರೆಗೆ 'ಅಗ್ನೋಸಿಯಾ' ಅನ್ನುವ ಹೆಸರು ಕೊಟ್ಟ. ಹೌದು, ಅದೇ ಫ್ರಾಯ್ಡ್. ಮನೋವಿಶ್ಲೇಷಣೆಗೆ ಮೊದಲು ಅವನು ನರರೋಗದ ಡಾಕ್ಟರ್ ಆಗಿದ್ದ. ಗುರುತು ಸಿಕ್ಕರೂ ಹೆಸರು ಬಾಯಿಗೆ ಬಾರದಿದ್ದರೆ ಅದು ಅನೋಮಿಯಾ.

ಒಂದು ಬಾಚಣಿಗೆ ಹಿಡಿದು ತೋರಿಸಿ ಅಂತಿಟ್ಟುಕೊಳ್ಳಿ. ಅನೋಮಿಯಾ ಇರುವ ಮನುಷ್ಯ ತಲೆ ಬಾಚುವ ಹಾಗೆ ಕೈಯಾಡಿಸಿ 'ಅದು... ಇದಕ್ಕ... ಹೆಸರ ಬರವಲ್ತು ನೋಡ್ರಿ' ಅಂತಾರೆ. ಅಗ್ನೋಸಿಯಾ ಇರುವವರು ಅದನ್ನ ತಿರುಗಿಸಿ ಮುರುಗಿಸಿ ನೋಡಿ ಸುಮ್ಮನಾಗ್ತಾರೆ. ಆದರೆ ಅದೇ ಬಾಚಣಿಗೆಯನ್ನ ಕೈಗೆ ಕೊಟ್ಟು ಹಲ್ಲುಗಳ ಮೇಲೆ ಬೆರಳಾಡಿಸೋಕೆ ಬಿಟ್ಟರೆ ತಕ್ಷಣ ಹೇಳಿಬಿಡಬಹುದು. ಅಂದ್ರೆ ವಸ್ತುವಿನ ಜ್ಞಾನ ತಲೆಯಲ್ಲೇ ಇದೆ, ಕಣ್ಣಿನಿಂದ ಅಲ್ಲಿಗೆ ಹೋಗುವ ದಾರಿ ಮುಚ್ಚಿದೆ. ಇಷ್ಟು ವ್ಯತ್ಯಾಸ ಪತ್ತೆ ಮಾಡೋಕೆ ಸ್ಕ್ಯಾನಿಂಗ್ ಮಷೀನು ಬೇಡ. ಒಂದು ಬಾಚಣಿಗೆ, ಒಂದು ಕೀಲಿಕೈ, ಒಂದು ಚಮಚ ಸಾಕು. ತರಬೇತಿ ಕೊಟ್ಟರೆ ಆಶಾ ಕಾರ್ಯಕರ್ತೆ ಹತ್ತು ನಿಮಿಷದಲ್ಲಿ ಮಾಡಬಲ್ಲ ಕೆಲಸ ಇದು.

ಅಕ್ಷರದ ಕಥೆ ಇನ್ನೂ ವಿಚಿತ್ರ. ಪ್ಯಾರಿಸ್‌ನಲ್ಲಿ 1887ರಲ್ಲಿ ಒಬ್ಬ ವ್ಯಕ್ತಿಗೆ ಇದ್ದಕ್ಕಿದ್ದಂತೆ ಓದೋಕೆ ಆಗದೆ ಹೋಯಿತು. ಮಾತು ಸರಿ, ವಸ್ತುಗಳ ಗುರುತು ಸರಿ, ಬರೆಯೋಕೂ ಬರುತ್ತೆ. ಆದರೆ ತಾನೇ ಬರೆದಿದ್ದನ್ನ ಓದೋಕೆ ಬರಲ್ಲ. ನರವೈದ್ಯ ಜೂಲ್ಸ್ ಡೆಜೆರಿನ್ 1892ರಲ್ಲಿ ಈ ಪ್ರಕರಣವನ್ನ ಪ್ರಕಟಿಸಿದ. ಆ ಮನುಷ್ಯ ತೀರಿಹೋದ ಮೇಲೆ ಮೆದುಳು ಪರೀಕ್ಷಿಸಿದಾಗ ಎಡಭಾಗದ ಹಿಂಬದಿಯಲ್ಲಿ ಹಾನಿ ಕಂಡಿತ್ತು. ಇಂದು ನಾವು 'ಶುದ್ಧ ಅಲೆಕ್ಸಿಯಾ' ಅಂತ ಕರೆಯುವುದು ಇದನ್ನೇ.

ಅಕ್ಷರಕ್ಕೆ ಅಂತ ಮೆದುಳಿನಲ್ಲಿ ಹುಟ್ಟಿನಿಂದ ಜಾಗ ಇರೋಕೆ ಸಾಧ್ಯವಿಲ್ಲ. ಬರವಣಿಗೆಗೆ ಐದು ಸಾವಿರ ವರ್ಷದ ವಯಸ್ಸು, ನಮ್ಮ ಎಷ್ಟೋ ಮನೆಗಳಲ್ಲಿ ಎರಡು ತಲೆಮಾರಿನ ವಯಸ್ಸು. ಫ್ರಾನ್ಸ್‌ನ ಸ್ಟಾನಿಸ್ಲಾಸ್ ಡೆಹಾನ್ ತಂಡ 2010ರಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್‌ನ ವಯಸ್ಕರ ಮೆದುಳನ್ನ ಹೋಲಿಸಿ ನೋಡಿತು. ಶಾಲೆಗೇ ಹೋಗದವರು, ದೊಡ್ಡವರಾದ ಮೇಲೆ ಕಲಿತವರು, ಚಿಕ್ಕಂದಿನಲ್ಲೇ ಕಲಿತವರು, ಮೂರೂ ಗುಂಪು ಅದರಲ್ಲಿತ್ತು. ಓದು ಕಲಿತಾಗ ಎಡಗಡೆಯ ದೃಷ್ಟಿಭಾಗದ ಒಂದು ಪಟ್ಟಿ ಅಕ್ಷರಕ್ಕೆ ಮೀಸಲಾಗುತ್ತೆ, ವಯಸ್ಸಾದ ಮೇಲೆ ಕಲಿತರೂ ಆ ಬದಲಾವಣೆ ಕಾಣುತ್ತೆ ಅಂತ ತೋರಿಸಿತು. ಅಂದರೆ ರಾತ್ರಿಶಾಲೆಯಲ್ಲಿ ಅಕ್ಷರ ತಿದ್ದಿದ ಅವ್ವನ ತಲೆಯೊಳಗೂ ಆ ಜಾಗ ತಯಾರಾಗಿದೆ. ಸಮಾಜ ಕೊಟ್ಟಿದ್ದು ಶರೀರದ ಭಾಗವಾಗುತ್ತೆ. ಹಾಗಾದ ಮೇಲೆ ಅದಕ್ಕೆ ಗಾಯವೂ ಆಗಬಹುದು.

ಕನ್ನಡದಲ್ಲಿ ದಾಖಲಾದ ಓದುನಷ್ಟ

ಇದು ಬರೀ ಪ್ಯಾರಿಸ್ ಕಥೆಯಲ್ಲ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ವ್ಯಕ್ತಿಯೊಬ್ಬರ ಶುದ್ಧ ಅಲೆಕ್ಸಿಯಾ ಪ್ರಕರಣವನ್ನ ವಾಕ್-ಭಾಷಾ ತಜ್ಞೆ ಪ್ರತಿಭಾ ಕಾರಂತ್ 1981ರಲ್ಲೇ 'ಕಾರ್ಟೆಕ್ಸ್' ಅನ್ನುವ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 2000ದಲ್ಲಿ ಇ. ರತ್ನವಲ್ಲಿ ಮತ್ತು ಸಂಗಡಿಗರು ಭಾರತದ ದ್ವಿಭಾಷಿಕರಲ್ಲಿ ಅಲೆಕ್ಸಿಯಾ ಹೇಗಿರುತ್ತೆ ಅಂತ ಬರೆದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಜಗತ್ತಿನ ಬಹಳಷ್ಟು ಭಾಷೆಗಳಿಗೆ ಇಲ್ಲದ ವಿದ್ಯೆ, ದಾಖಲೆ, ತಜ್ಞರು ಕನ್ನಡಕ್ಕೆ ಇದ್ದಾರೆ.

ಕನ್ನಡ ಲಿಪಿ ಈ ಸಂಶೋಧಕರಿಗೆ ಯಾಕೆ ಮುಖ್ಯ ಆಯ್ತು? ಇಂಗ್ಲಿಷಿನಲ್ಲಿ 26 ಅಕ್ಷರ ಕಲಿತರೆ ಆಕಾರ ಕಲಿಯುವ ಕೆಲಸ ಹೆಚ್ಚುಕಮ್ಮಿ ಮುಗೀತು, ಆಮೇಲಿನ ಗೋಳು ಸ್ಪೆಲ್ಲಿಂಗಿನದು. ಕನ್ನಡದಲ್ಲಿ ಬರೆದಂತೆ ಓದಬಹುದು, ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಗುರುತಿಸಬೇಕಾದ ಆಕಾರ ನೂರಾರು. ಪ, ಫ, ಷ ನಡುವೆ ಇರೋದು ಒಂದು ಗೆರೆ. ರ ಮತ್ತು ಠ ನಡುವೆ ಒಂದು ಚುಕ್ಕೆ. ಕಣ್ಣಿನ ಹಿಂದಿನ ಯಂತ್ರಕ್ಕೆ ಇದು ಬೇರೆ ಬಗೆಯ ಕೆಲಸ. ಒಂದೇ ಮೆದುಳಿನಲ್ಲಿ ಎರಡು ಲಿಪಿ ಇದ್ದಾಗ ಹಾನಿ ಎರಡಕ್ಕೂ ಸಮನಾಗಿ ತಗಲುತ್ತಾ ಅನ್ನೋ ಪ್ರಶ್ನೆಗೆ ಇಂಗ್ಲಿಷ್ ಒಂದನ್ನೇ ಬಲ್ಲ ರೋಗಿಗಳಿಂದ ಉತ್ತರ ಸಿಗಲ್ಲ. ನಮ್ಮವರಿಂದ ಸಿಗುತ್ತೆ.

ಕೊಪ್ಪಳದವರಿಗೆ ಇದನ್ನ ಇನ್ನೊಂದು ಬಗೆಯಲ್ಲಿ ಹೇಳಬಹುದು. ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಅಕ್ಷರಗಳು. ಶತಮಾನಗಟ್ಟಲೆ ಕುರಿ ಕಾಯುವವರಿಗೂ ಭಕ್ತರಿಗೂ ಪಂಡಿತರಿಗೂ ಅಂಥ ಗೆರೆಗಳು ಕಣ್ಣಿಗೆ ಬಿದ್ದಿರಬಹುದು, ಓದೋಕೆ ಯಾರಿಗೂ ಬರುತ್ತಿರಲಿಲ್ಲ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗುಟ್ಟು ಬಿಡಿಸಿದ ಮೇಲೆ ದೇಶಕ್ಕೆ ಓದು ವಾಪಸ್ ಬಂತು. ಅಲೆಕ್ಸಿಯಾ ಬಂದವರಿಗೆ ದಿನಪತ್ರಿಕೆ ಆ ಬಂಡೆಯ ಹಾಗೆ ಕಾಣುತ್ತೆ. ಗೆರೆ ಇದೆ, ಅರ್ಥ ಇಲ್ಲ.

ಕೈಕಾಲು ಬೀಳದ ಲಕ್ವಾ

ಈಗ ಯಲಬುರ್ಗಾಕ್ಕೆ ಬರೋಣ. ನಮ್ಮ ಕಡೆ ಲಕ್ವಾ ಅಂದರೆ ಬಾಯಿ ಸೊಟ್ಟಗಾಗಬೇಕು, ಒಂದು ಕಡೆಯ ಕೈಕಾಲು ಬೀಳಬೇಕು. ಅಷ್ಟಾದರೆ ಜನ ಓಡ್ತಾರೆ, ಆಸ್ಪತ್ರೆಗೋ ನಾಟಿ ಔಷಧಿ ಕೊಡುವವರ ಕಡೆಗೋ. ಆದರೆ ಮೆದುಳಿನ ಹಿಂಭಾಗಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಎಷ್ಟೋ ಸಲ ಕೈಕಾಲಿಗೆ ಏನೂ ಆಗಲ್ಲ. ಬಲಗಡೆಯ ಅರ್ಧ ದೃಷ್ಟಿ ಹೋಗುತ್ತೆ, ಅದರ ಜೊತೆ ಓದು ಹೋಗುತ್ತೆ. ಮನುಷ್ಯ ಎದ್ದು ನಡೆದಾಡ್ತಾನೆ, ಊಟ ಮಾಡ್ತಾನೆ, ಮಾತಾಡ್ತಾನೆ. ಹಾಗಾಗಿ ಮನೆಯವರಿಗೆ ಅದು ಲಕ್ವಾ ಅನ್ನಿಸೋದೇ ಇಲ್ಲ.

ನಮ್ಮ ಸಂಬಂಧಿಕರಲ್ಲೇ ಒಬ್ಬರಿಗೆ ಹೀಗಾಯ್ತು. ಊರ ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ನಾವೆಲ್ಲ ಕಾಕಾ ಅಂತೀವಿ. 'ಅಕ್ಷರ ಕಾಣ್ತಾವಪಾ, ಆದ್ರ ಯಾವ್ದೋ ಬ್ಯಾರೆ ಭಾಷಾದಾಗ ಬರದಂಗ ಆಗೇತಿ' ಅಂದರು. ಕನ್ನಡಕದ ನಂಬರ್ ಬದಲಾಯಿತು. ಮತ್ತೊಂದು ಸಲ ಬದಲಾಯಿತು. ಮನೆಯಲ್ಲಿ 'ಅರವತ್ತಕ್ಕೆ ಅರಳು ಮರಳು' ಅಂತ ನಗೆಯೂ ಆಯ್ತು. ದೊಡ್ಡ ಊರಿಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ವಾರಗಳು ಕಳೆದಿದ್ದವು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರೋದು ನಾಲ್ಕೂವರೆ ಗಂಟೆಯ ಗಡುವು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಿರಬೇಕು.

ಯಲಬುರ್ಗಾದಿಂದ ಜಿಲ್ಲಾ ಕೇಂದ್ರ ಕೊಪ್ಪಳಕ್ಕೆ ಹೋಗೋಕೆ ಬಸ್ಸಿಗೆ ಒಂದು ಗಂಟೆಯ ಮೇಲೆ ಬೇಕು. ಹುಬ್ಬಳ್ಳಿ ನೂರು ಕಿಲೋಮೀಟರ್ ದಾಟುತ್ತೆ. ಬೆಂಗಳೂರಿನ ನಿಮ್ಹಾನ್ಸ್ ಸುಮಾರು 400 ಕಿಲೋಮೀಟರ್. ನಾಲ್ಕೂವರೆ ಗಂಟೆ ಅನ್ನುವುದು ಪುಸ್ತಕದಲ್ಲಿ ವೈದ್ಯಕೀಯ ನಿಯಮ. ಇಲ್ಲಿ ಅದು ರಸ್ತೆ, ಆಂಬುಲೆನ್ಸ್, ಬಾಡಿಗೆ ಕಾರು, ಕೈಯಲ್ಲಿರುವ ದುಡ್ಡಿನ ಲೆಕ್ಕ. ಅದೂ ತೊಂದರೆ ಏನು ಅಂತ ಮನೆಯವರಿಗೆ ಗೊತ್ತಾದರೆ ಮಾತ್ರ.

ಕಾಕಾ ಈಗ ಅಕ್ಷರವನ್ನ ಅಂಗೈ ಮೇಲೆ ಬೆರಳಿಂದ ತಿದ್ದಿ ಒಂದೊಂದಾಗಿ ಓದ್ತಾರೆ. ಇದೂ ಹಳೆಯ ದಾರಿಯೇ. ಡೆಜೆರಿನ್‌ನ ರೋಗಿಯೂ ಅಕ್ಷರದ ಆಕಾರವನ್ನ ಬೆರಳಾಡಿಸಿ ಗುರುತಿಸುತ್ತಿದ್ದ. 2001ರಲ್ಲಿ ಓದು ಕಳೆದುಕೊಂಡ ಕೆನಡಾದ ಕಾದಂಬರಿಕಾರ ಹೊವಾರ್ಡ್ ಎಂಗೆಲ್ ನಾಲಿಗೆಯಿಂದ ಹಲ್ಲಿನ ಹಿಂದೆ ಅಕ್ಷರ ಬರೆದು ಓದೋದನ್ನ ರೂಢಿಸಿಕೊಂಡಿದ್ದರು. ಕಣ್ಣಿನ ದಾರಿ ಮುಚ್ಚಿದಾಗ ಕೈಯ ನೆನಪು ನೆರವಿಗೆ ಬರುತ್ತೆ. ಮರಳಲ್ಲಿ, ಪಾಟಿ ಮೇಲೆ ಅಕ್ಷರ ತಿದ್ದಿಸುವ ನಮ್ಮ ಹಳೇ ಪದ್ಧತಿ ಆ ನೆನಪನ್ನೇ ಗಟ್ಟಿ ಮಾಡಿದ್ದು. ಆದರೆ ಇದನ್ನ ಹೇಳಿಕೊಡೋಕೆ ವಾಕ್ ಚಿಕಿತ್ಸಕರು ಬೇಕು. ತಾಲೂಕು ಮಟ್ಟದಲ್ಲಿ ಅಂಥವರನ್ನ ಎಲ್ಲಿ ಹುಡುಕೋದು?

ಸಹಿ ಇದೆ, ಓದು ಇಲ್ಲ

ಇದರಲ್ಲಿ ಬರೀ ಪೇಪರ್ ಓದುವ ಸುಖ ಹೋಯ್ತು ಅಂದುಕೊಳ್ಳಬೇಡಿ. ಶುದ್ಧ ಅಲೆಕ್ಸಿಯಾ ಬಂದವರಿಗೆ ಸಹಿ ಮಾಡೋಕೆ ಬರುತ್ತೆ. ಕಾನೂನಿನ ಕಣ್ಣಲ್ಲಿ ಸಹಿ ಮಾಡಿದವನು ಓದಿ ಒಪ್ಪಿದವನು. ಹೆಬ್ಬೆಟ್ಟು ಒತ್ತುವವರಿಗೆ ಕಾಗದ ಓದಿ ಹೇಳಬೇಕು ಅನ್ನುವ ರೂಢಿಯಾದರೂ ಇದೆ. ಸಹಿ ಮಾಡುವವರಿಗೆ ಯಾರೂ ಓದಿ ಹೇಳಲ್ಲ. ಪಹಣಿ ತಿದ್ದುಪಡಿ, ಕ್ರಯಪತ್ರ, ಬ್ಯಾಂಕ್ ಜಾಮೀನು, ಸಂಘದ ಸಾಲ, ಎಲ್ಲದಕ್ಕೂ ಇದು ಅನ್ವಯಿಸುತ್ತೆ. ಮೈಕ್ರೋ ಫೈನಾನ್ಸ್ ಕಿರುಕುಳ ಎಷ್ಟು ಹೆಚ್ಚಾಯ್ತು ಅಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಅಂಥ ನಾಡಿನಲ್ಲಿ ಓದಲಾರದ, ಆದರೆ ಸಹಿ ಮಾಡಬಲ್ಲ ಮನುಷ್ಯನಿಗಿಂತ ಸುಲಭದ ಬೇಟೆ ಇನ್ನೊಂದಿಲ್ಲ. ಗುಳಿಗೆಯ ಪಟ್ಟಿ, ಕೀಟನಾಶಕದ ಬಾಟಲಿ, ಬಸ್ಸಿನ ಬೋರ್ಡು, ಇವೆಲ್ಲ ಆಮೇಲಿನ ಮಾತು.

ಓದೇ ಕಲಿಯದವರ ಕಾಯಿಲೆ ಹೇಗೆ ಗೊತ್ತಾಗಬೇಕು?

ಕಾಕಾನಿಗೆ ಓದು ಬರುತ್ತಿತ್ತು, ಹೋಗಿದ್ದು ಗೊತ್ತಾಯ್ತು. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇ. 68ರ ಆಸುಪಾಸು. ಹೆಣ್ಣುಮಕ್ಕಳಲ್ಲಿ ಅದಕ್ಕಿಂತ ಸುಮಾರು ಹತ್ತು ಅಂಶ ಕಡಿಮೆ. ಓದು ಕಲಿಯದ ಅಜ್ಜಿಗೆ ಅದೇ ಜಾಗದಲ್ಲಿ ಅದೇ ಹಾನಿಯಾದರೆ 'ಓದು ಹೋಯ್ತು' ಅಂತ ಹೇಳೋಕೆ ಅವಳ ಬಳಿ ಓದೇ ಇರಲಿಲ್ಲ. ರೋಗದ ಮೊದಲ ಸುಳಿವೇ ಅವಳಿಗೆ ನಿರಾಕರಣೆಯಾಗಿದೆ.

ಹಾಗಾದರೆ ಚಿತ್ರ ತೋರಿಸಿ ಹೆಸರು ಕೇಳಬಹುದಲ್ಲ ಅಂತೀರಾ? ಅಲ್ಲೂ ತೊಡಕಿದೆ. ಪೋರ್ಚುಗಲ್‌ನಲ್ಲಿ ಅಲೆಕ್ಸಾಂಡ್ರಾ ರೀಸ್ ಮತ್ತು ಕ್ಯಾಸ್ಟ್ರೋ-ಕಾಲ್ಡಾಸ್ ತಂಡ ತೋರಿಸಿದ್ದು ಇದನ್ನೇ. ಶಾಲೆಗೆ ಹೋಗದವರು ನಿಜವಾದ ವಸ್ತುಗಳನ್ನ ಉಳಿದವರಷ್ಟೇ ಚೆನ್ನಾಗಿ ಹೆಸರಿಸ್ತಾರೆ. ಅದೇ ವಸ್ತುವಿನ ಗೆರೆಚಿತ್ರ ಕೊಟ್ಟರೆ ಹಿಂದೆ ಬೀಳ್ತಾರೆ. ಕಾಗದದ ಮೇಲಿನ ಗೆರೆಗಳನ್ನ ವಸ್ತು ಅಂತ ನೋಡುವುದೂ ಶಾಲೆ ಕಲಿಸುವ ವಿದ್ಯೆ. ಚಿತ್ರದ ಪುಸ್ತಕ ಹಿಡಿದು ಬಂದ ಪರೀಕ್ಷಕರಿಗೆ ಆರೋಗ್ಯವಂತ ಅಜ್ಜಿಯೂ ರೋಗಿಯಾಗಿ ಕಾಣಬಹುದು, ರೋಗಿಯಾದ ಅಜ್ಜಿ 'ಓದಿಲ್ಲ, ಹಾಗಾಗಿ' ಅಂತ ಪಾಸಾಗಿಬಿಡಬಹುದು.

ಭಾಷೆಯದು ಇನ್ನೊಂದು ತೊಡಕು. ಬೆಂಗಳೂರು-ಮೈಸೂರಿನ ಪದಪಟ್ಟಿಯಲ್ಲಿ ಅದು ಪೊರಕೆ, ಇಲ್ಲಿ ಕಸಬರಗಿ. ಅಲ್ಲಿ ಬಾಚಣಿಗೆ, ಇಲ್ಲಿ ಹಣಗಿ. ಅಲ್ಲಿ ಬೀಗ, ಇಲ್ಲಿ ಕೀಲಿ. ತಾಂಡಾದ ಅವ್ವನಿಗೆ ಮೊದಲು ನೆನಪಾಗೋದು ಲಂಬಾಣಿ ಪದ. ಇವೆಲ್ಲ ಸರಿ ಉತ್ತರಗಳೇ ಅಂತ ಬರೆದುಕೊಳ್ಳದ ಪರೀಕ್ಷೆ ಮೆದುಳನ್ನ ಅಳೆಯಲ್ಲ, ಊರನ್ನ ಅಳೆಯುತ್ತೆ.

ಒಳ್ಳೆ ಸುದ್ದಿಯೂ ಇದೆ. ಐಸಿಎಂಆರ್ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಅರಿವಿನ ಪರೀಕ್ಷೆಗಳ ಒಂದು ಕಟ್ಟು ತಯಾರಿಸಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಅವರು 2013ರಲ್ಲಿ ಹೈದರಾಬಾದಿನ 648 ಡಿಮೆನ್ಶಿಯಾ ರೋಗಿಗಳ ಅಧ್ಯಯನ ಪ್ರಕಟಿಸಿದ್ದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಮರೆವಿನ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಇಲ್ಲದವರಲ್ಲೂ. ಕನ್ನಡ, ಉರ್ದು, ಲಂಬಾಣಿ, ತೆಲುಗು ಬೆರೆತಿರುವ ಕೊಪ್ಪಳ ಜಿಲ್ಲೆಯನ್ನ ನಾವು ಬರೀ 'ಅನಕ್ಷರಸ್ಥ' ಅಂತ ಕೊರತೆಯ ಲೆಕ್ಕದಲ್ಲಿ ಇಡ್ತೀವಿ. ಆ ಮೆದುಳುಗಳ ಆಸ್ತಿ ನಮ್ಮ ಲೆಕ್ಕಕ್ಕೆ ಬರೋದೇ ಇಲ್ಲ.

ಮಕ್ಕಳ ಸರದಿ

ಶಾಲೆಯ ವಿಷಯ ಇನ್ನೂ ಸೂಕ್ಷ್ಮ. ಡಿಸ್ಲೆಕ್ಸಿಯಾ ಅಂದ ತಕ್ಷಣ ಇಂಗ್ಲಿಷ್ ಬಿ ಮತ್ತು ಡಿ ಅದಲುಬದಲಾಗುವ ಚಿತ್ರ ನಮ್ಮ ತಲೆಗೆ ಬರುತ್ತೆ. ಕನ್ನಡದಲ್ಲಿ ಅಂಥ ಕನ್ನಡಿ-ಜೋಡಿ ಹುಡುಕಿದರೆ ಸಿಗೋದು ಕಷ್ಟ. ಇಲ್ಲಿ ಮಗು ಎಡವೋದು ದೀರ್ಘದಲ್ಲಿ, ಒತ್ತಿನಲ್ಲಿ, ಒಂದು ಗೆರೆಯ ವ್ಯತ್ಯಾಸದಲ್ಲಿ. ಜೊತೆಗೆ ಕನ್ನಡದ ಓದು ಕಲಿಯೋಕೇ ಹೆಚ್ಚು ಕಾಲ ಬೇಕು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ ಮೂಲಕ ಕೆಲಸ ಮಾಡಿದ ಸೊನಾಲಿ ನಾಗ್ 2007ರಲ್ಲಿ ತೋರಿಸಿದ ಹಾಗೆ ಕನ್ನಡದ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತೆ. ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿದರೆ ಅದು ಕಾಯಿಲೆಯಲ್ಲ. ಆರನೇ ಕ್ಲಾಸಿನ ಮಗು ಕಾಗುಣಿತದಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಯಾರಾದರೂ ಕೂತು ನೋಡಬೇಕು.

ಇಲ್ಲಿ ನನಗೆ ಎರಡು ಕಡೆಯ ಭಯ ಇದೆ. ಒಂದು ಕಡೆ, ನಿಜವಾಗಿ ಡಿಸ್ಲೆಕ್ಸಿಯಾ ಇರುವ ಯಲಬುರ್ಗಾದ ಮಗು 'ದಡ್ಡ' ಅನ್ನಿಸಿಕೊಂಡು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪ-ಅಮ್ಮನ ಜೊತೆ ಗುಳೆ ಹೋಗುತ್ತೆ. ಬೆಂಗಳೂರಿನ ಖಾಸಗಿ ಶಾಲೆಯ ಅಂಥದ್ದೇ ಮಗುವಿಗೆ ಪ್ರಮಾಣಪತ್ರ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರು ಸಿಗ್ತಾರೆ. ಇನ್ನೊಂದು ಕಡೆ, ಶಿಕ್ಷಕರೇ ಇಲ್ಲದ ಶಾಲೆಯ ಮಕ್ಕಳಿಗೆಲ್ಲ ಮೆದುಳಿನ ಲೇಬಲ್ ಅಂಟಿಸಿ ಸರಕಾರ ಕೈತೊಳೆದುಕೊಳ್ಳಬಹುದು. ಕೆಲವು ಶಿಕ್ಷಕ ಗೆಳೆಯರು ನನಗೆ ಹೇಳೋದು ಇದನ್ನೇ: 'ಸರ್, ಮೊದ್ಲ ಮಾಸ್ತರ್‌ನ ಕೊಡ್ರಿ, ಆಮ್ಯಾಲ ಮೆದುಳು ನೋಡೋಣು.'

ಅವರ ಮಾತಲ್ಲಿ ನ್ಯಾಯ ಇದೆ. ಆದರೆ ಇವು ಒಂದರ ಹಿಂದೊಂದು ಬರಬೇಕಾದ ಬೇಡಿಕೆಗಳಲ್ಲ. ಸರಿಯಾಗಿ ಕಲಿಸಿದ ಮೇಲೂ ಓದದ ಮಗು ಯಾವುದು ಅಂತ ಗೊತ್ತಾಗಬೇಕಾದರೆ ಸರಿಯಾಗಿ ಕಲಿಸಿರಬೇಕು. ಶಿಕ್ಷಕರ ಕೊರತೆ ಡಿಸ್ಲೆಕ್ಸಿಯಾವನ್ನ ಮುಚ್ಚಿಡುತ್ತೆ. ಪತ್ತೆಹಚ್ಚುವವರ ಕೊರತೆ ಶಿಕ್ಷಕರ ಕೊರತೆಗೆ ನೆಪ ಒದಗಿಸುತ್ತೆ. ಎರಡನ್ನೂ ಒಟ್ಟಿಗೆ ಕೇಳದಿದ್ದರೆ ಎರಡೂ ಸಿಗಲ್ಲ.

ಕಾನೂನಿನ ಪಟ್ಟಿಯಲ್ಲಿ ಇವರು ಎಲ್ಲಿದ್ದಾರೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನ ಗುರುತಿಸುತ್ತೆ. ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿದೆ, ಡಿಸ್ಲೆಕ್ಸಿಯಾದ ಹೆಸರೂ ಇದೆ. ಮೆದುಳಿನ ಹಾನಿಯಿಂದ ಮಾತು-ಭಾಷೆ ಕಳೆದುಕೊಳ್ಳುವ ಅಫೇಸಿಯಾ ಇದೆ. ಆದರೆ ದೃಷ್ಟಿ ಅಂಗವೈಕಲ್ಯವನ್ನ ಕಾಯ್ದೆ ಅಳೆಯೋದು ಎರಡೇ ಬಗೆಯಲ್ಲಿ: ಎಷ್ಟು ಸ್ಪಷ್ಟ ಕಾಣುತ್ತೆ, ಎಷ್ಟು ಅಗಲ ಕಾಣುತ್ತೆ. ಕಂಡಿದ್ದು ಏನು ಅಂತ ಗೊತ್ತಾಗುತ್ತಾ ಅನ್ನುವುದು ಅದರ ಅಳತೆಯಲ್ಲಿಲ್ಲ. ಅಗ್ನೋಸಿಯಾದ ಹೆಸರನ್ನ ಪಟ್ಟಿ ಹೇಳಲ್ಲ. ವಯಸ್ಕರಾದ ಮೇಲೆ ಬಂದ ಶುದ್ಧ ಅಲೆಕ್ಸಿಯಾದ ಹೆಸರನ್ನೂ ಹೇಳಲ್ಲ. ಹೆಂಡತಿಯ ಮುಖ ಎದುರಿಗಿದ್ದರೂ ಗುರುತು ಸಿಗದ ಮನುಷ್ಯ 6/6 ದೃಷ್ಟಿ ಇದೆ ಅನ್ನುವ ಕಾರಣಕ್ಕೆ ವೈದ್ಯಕೀಯ ಮಂಡಳಿಯಿಂದ ಬರಿಗೈಯಲ್ಲಿ ವಾಪಸ್ ಬರಬಹುದು.

ದಾರಿ ಪೂರ್ತಿ ಮುಚ್ಚಿಲ್ಲ. 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಶೇ. 40ರ ಗಡಿ ದಾಟದಿದ್ದರೂ, ಅಂಗವೈಕಲ್ಯ ಇರುವ ವ್ಯಕ್ತಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವನ್ನ ಆ ಗಡಿಯ ಹೆಸರಲ್ಲಿ ನಿರಾಕರಿಸುವಂತಿಲ್ಲ. ಸೂಕ್ತ ಅನುಕೂಲ ಒದಗಿಸುವುದು ಹಕ್ಕು, ಅದಕ್ಕೆ ಶೇಕಡಾವಾರು ಅಳತೆ ಒಂದೇ ಮಾನದಂಡವಲ್ಲ. ಈ ತತ್ವವನ್ನ ಪರೀಕ್ಷಾ ಹಾಲ್‌ನಿಂದ ಬ್ಯಾಂಕು, ನಾಡಕಚೇರಿ, ಉಪನೋಂದಣಿ ಕಚೇರಿಗೆ ತರುವ ಕೆಲಸ ಬಾಕಿ ಇದೆ.

ನಕ್ಷೆಯಲ್ಲಿ ಯಾವ ಜಿಲ್ಲೆ ಮೊದಲು ಬಂತು?

ಇನ್ನು ಹಣದ ಮಾತು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿತು. ಪಾರ್ಶ್ವವಾಯು, ಡಿಮೆನ್ಶಿಯಾ, ಮೂರ್ಛೆ, ತಲೆನೋವನ್ನ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಗುರುತಿಸುವ ಯೋಜನೆ ಅದು. ಒಳ್ಳೆಯ ಯೋಚನೆ, ನನ್ನದೇನೂ ತಕರಾರಿಲ್ಲ. ಆದರೆ ಪ್ರಯೋಗಕ್ಕೆ ಮೊದಲು ಆಯ್ಕೆಯಾಗಿದ್ದು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರ. ಮೂರೂ ನಿಮ್ಹಾನ್ಸ್‌ಗೆ ಹತ್ತಿರದ ಜಾಗಗಳು. ಪ್ರಯೋಗಕ್ಕೆ ಅನುಕೂಲ ಅನ್ನೋದು ನಿಜ. ಆದರೆ ಹತ್ತಿರ ಇರುವವರ ಮೇಲೆ ಪ್ರಯೋಗ ಮಾಡಿ ಕಲಿತ ಪಾಠ 400 ಕಿಲೋಮೀಟರ್ ದೂರದ ತಾಲೂಕಿಗೆ ಹಾಗೇ ಹೊಂದಲ್ಲ. ಆ ದೂರವೇ ಇಲ್ಲಿನ ಕಾಯಿಲೆಯ ಅರ್ಧ ಭಾಗ.

2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲೂಕುಗಳನ್ನ ಹಿಂದುಳಿದವು ಅಂತ ಗುರುತಿಸಿತ್ತು. ಅದರಲ್ಲಿ 'ಅತ್ಯಂತ ಹಿಂದುಳಿದ' 39ರಲ್ಲಿ ಯಲಬುರ್ಗಾ, ಕುಷ್ಟಗಿ ಎರಡೂ ಇದ್ದವು. 2012ರ ತಿದ್ದುಪಡಿಯಿಂದ 371ಜೆ ಬಂತು. ಕೊಪ್ಪಳಕ್ಕೆ ವೈದ್ಯಕೀಯ ಕಾಲೇಜು ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಪ್ರಾದೇಶಿಕ ಅಸಮತೋಲನ ಮತ್ತೆ ಅಳೆಯೋಕೆ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಸಮಿತಿಯೂ ರಚನೆಯಾಯ್ತು. 2023ರಲ್ಲಿ ಯಲಬುರ್ಗಾದಿಂದ ಗೆದ್ದ ಬಸವರಾಜ ರಾಯರೆಡ್ಡಿ ಅವರನ್ನೇ ಮುಖ್ಯಮಂತ್ರಿಗಳ ಆರ್ಥಿಕ ಸಲಹೆಗಾರರನ್ನಾಗಿ ನೇಮಿಸಲಾಯ್ತು. ದುಡ್ಡಿಲ್ಲ, ಕೇಳುವವರಿಲ್ಲ ಅನ್ನುವ ನೆಪ ಈ ತಾಲೂಕಿನ ಮಟ್ಟಿಗಂತೂ ನಡೆಯಲ್ಲ.

ಅಭಿವೃದ್ಧಿ ಅಂದರೆ ನಮ್ಮ ರಾಜಕಾರಣಕ್ಕೆ ಕಟ್ಟಡ. ಕಟ್ಟಡಕ್ಕೆ ಶಂಕುಸ್ಥಾಪನೆ ಇರುತ್ತೆ, ಫೋಟೋ ಇರುತ್ತೆ, ಗುತ್ತಿಗೆ ಇರುತ್ತೆ. ಒಬ್ಬ ವಾಕ್ ಚಿಕಿತ್ಸಕರ ಹುದ್ದೆಗೆ ಯಾವ ರಿಬ್ಬನ್ ಕತ್ತರಿಸೋದು? ಹಾಗಾಗಿ ಬೇಡಿಕೆ ನಮ್ಮ ಕಡೆಯಿಂದ ಹೋಗಬೇಕು. ಅದು ದೊಡ್ಡದೇನೂ ಅಲ್ಲ.

ಒಂದು: ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ 'ಕೈಕಾಲು ಬೀಳದ ಲಕ್ವಾ'ದ ಪಾಠ ಸೇರಲಿ. ಇದ್ದಕ್ಕಿದ್ದಂತೆ ಓದು ಹೋದರೆ, ಗುರುತು ಹೋದರೆ, ಹೆಸರು ಹೋದರೆ ಕನ್ನಡಕದ ಅಂಗಡಿಗಲ್ಲ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಬೇಕು ಅನ್ನುವ ಒಂದು ವಾಕ್ಯ ಊರೂರಿಗೆ ತಲುಪಲಿ.

ಎರಡು: ಮೆದುಳಿನ ಪರೀಕ್ಷೆಗಳು ನಮ್ಮ ಭಾಗದ ಕನ್ನಡದಲ್ಲಿ, ಲಂಬಾಣಿಯಲ್ಲಿ, ಉರ್ದುವಿನಲ್ಲಿ, ಚಿತ್ರದ ಬದಲು ನಿಜವಾದ ವಸ್ತು ಹಿಡಿದು ನಡೆಯಲಿ. ಕೊಪ್ಪಳದ ವೈದ್ಯಕೀಯ ಕಾಲೇಜು ಮತ್ತು ಮೈಸೂರಿನ ವಾಕ್ ಶ್ರವಣ ಸಂಸ್ಥೆ ಸೇರಿದರೆ ಇದು ಆಗದ ಕೆಲಸವಲ್ಲ.

ಮೂರು: ಮಂಡಳಿಯ ಹಣದಲ್ಲಿ ಪ್ರತಿ ತಾಲೂಕಿಗೆ ಒಬ್ಬ ವಾಕ್-ಭಾಷಾ ಚಿಕಿತ್ಸಕರು. ಬಿಇಒ ಕಚೇರಿಯ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ ಜೊತೆ ಅವರು ವಾರಕ್ಕೆರಡು ದಿನ ಶಾಲೆಗೆ, ಉಳಿದ ದಿನ ತಾಲೂಕು ಆಸ್ಪತ್ರೆಗೆ.

ನಾಲ್ಕು: ಅಂಗವೈಕಲ್ಯ ಪ್ರಮಾಣಪತ್ರದ ಮಾರ್ಗಸೂಚಿಯಲ್ಲಿ 'ಕಣ್ಣು ಸರಿ, ಗುರುತು ಇಲ್ಲ' ಅನ್ನುವವರಿಗೆ ಒಂದು ಸಾಲು. ಆ ಸಾಲು ಬರುವವರೆಗೆ, ಸಾಲದ ಕಾಗದವನ್ನ ಸಹಿಗೆ ಮೊದಲು ಎಲ್ಲರಿಗೂ ಓದಿ ಹೇಳಬೇಕು ಅನ್ನುವ ಕಡ್ಡಾಯ ನಿಯಮ.

ಇದನ್ನ ಓದುತ್ತಿರುವ ನಿಮ್ಮಲ್ಲಿ ಹಲವರು ಗ್ರಾಮಸಭೆಗೆ ಹೋಗ್ತೀರಿ, ಆರ್‌ಟಿಐ ಹಾಕ್ತೀರಿ, ಶಾಸಕರನ್ನ ಟ್ಯಾಗ್ ಮಾಡಿ ಪ್ರಶ್ನೆ ಕೇಳ್ತೀರಿ. ಈ ಸಲ ಒಂದು ಸಣ್ಣ ಪ್ರಶ್ನೆ ಸೇರಿಸಿ. ನಮ್ಮ ತಾಲೂಕಿನಲ್ಲಿ ಓದಲಾರದವರ ಪಟ್ಟಿ ಇದೆಯಲ್ಲ, ಅದರಲ್ಲಿ ಕಲಿಸದೆ ಬಿಟ್ಟವರು ಎಷ್ಟು, ಕಲಿಸಿದರೂ ಕಷ್ಟಪಡುತ್ತಿರುವವರು ಎಷ್ಟು, ಓದು ಕಳೆದುಕೊಂಡವರು ಎಷ್ಟು? ಉತ್ತರ 'ಮಾಹಿತಿ ಲಭ್ಯವಿಲ್ಲ' ಅಂತ ಬರುವ ಸಾಧ್ಯತೆಯೇ ಹೆಚ್ಚು. ಆ ಉತ್ತರವನ್ನ ಎತ್ತಿಟ್ಟುಕೊಳ್ಳಿ. ಮುಂದಿನ ಬಜೆಟ್ ಚರ್ಚೆಗೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗಲ್ಲ.